ಪದಚರ್ಚೆ: ಸಿನಿಮಾ ಮಾಡುವ ಹೊಸಬರಿಗೆ ಕೊಡುವ ‘ಗ್ರಾಂಟ್’ಗೆ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಕುಮಟಾ, ಅಂಕೋಲಾ, ಶಿರಸಿ ಕಡೆಯ ನಾವು ಕೆಲವರು ಸೇರಿ ಒಂದು ಸಣ್ಣ ನಿಧಿ ಕೂಡಿಸುತ್ತಿದ್ದೇವೆ. ಮಕ್ಕಳು ನೋಡಲೆಂದು ಕಿರು ಸಾಕ್ಷ್ಯಚಿತ್ರ ಮಾಡಹೊರಟ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ಅದರಿಂದ ಹಣ ಕೊಡುವ ಯೋಚನೆ. ಅರ್ಜಿ ಕರೆಯುವ ಪ್ರಕಟಣೆಯನ್ನು ಕನ್ನಡದಲ್ಲೇ ಬರೆಯಬೇಕು. ಅಲ್ಲಿ ಕೆಲವು ಪದಗಳು ತೊಡಕಾಗಿವೆ. ಎಲ್ಲಕ್ಕಿಂತ ದೊಡ್ಡ ತೊಡಕು ಗ್ರಾಂಟ್‌ನದು.

ನಮಗೆ ಬೇಕಾದ ಅರ್ಥ ಹೀಗೆ: ಶೂಟಿಂಗ್ ಶುರುವಾಗುವ ಮೊದಲೇ ಕೈಗೆ ಬರುವ ಹಣ. ಮರಳಿಸಬೇಕಿಲ್ಲ, ಖರ್ಚಿನ ಲೆಕ್ಕ ಮಾತ್ರ ಕೊಡಬೇಕು. ಚಿತ್ರದ ಹಕ್ಕು ಮಾಡಿದವರದ್ದೇ.

‘ಸಹಾಯಧನ’ ಎಲ್ಲರಿಗೂ ಗೊತ್ತಿರುವ ಪದ. ಆದರೆ ಕನ್ನಡ ಸಿನಿಮಾದವರಿಗೆ ಸಹಾಯಧನ ಎಂದರೆ ಸರ್ಕಾರದ ಸಬ್ಸಿಡಿ. ಅದು ಚಿತ್ರ ಮುಗಿದು, ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕಿ, ಸಮಿತಿ ನೋಡಿ ಆರಿಸಿದ ಮೇಲೆ ಬರುವ ಹಣ. ಶಿರಸಿಯ ತೋಟಿಗರಿಗೂ ಅಷ್ಟೇ. ಹನಿ ನೀರಾವರಿಗೆ ಸಹಾಯಧನ ಎಂದ ಕೂಡಲೇ ‘ನಮ್ಮ ಪಾಲು ಎಷ್ಟು ಹಾಕಬೇಕು’ ಎಂಬ ಪ್ರಶ್ನೆ ಬರುತ್ತದೆ. ಕೈಯಿಂದ ಹಾಕಲು ದುಡ್ಡಿಲ್ಲದವರನ್ನೇ ನಾವು ಕರೆಯುತ್ತಿರುವುದರಿಂದ ಈ ಪದ ಬೇಡವೆಂದು ನನ್ನ ಅಭಿಪ್ರಾಯ.

‘ಮುಂಗಡ’ ಎಂದು ಒಬ್ಬರು ಸೂಚಿಸಿದರು. ಘಟ್ಟದ ಮೇಲೆ ನಡೆದೀತು, ಕರಾವಳಿಯಲ್ಲಿ ನಡೆಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಮುಗಿದು ಬೋಟ್ ಕಡಲಿಗಿಳಿಯುವ ಹೊತ್ತಿಗೆ ಕಲಾಸಿಗಳಿಗೆ (ಬೋಟಿನಲ್ಲಿ ದುಡಿಯುವವರಿಗೆ) ಮಾಲೀಕರು ಕೊಡುವುದು ಮುಂಗಡ. ಅದು ಮುಂದೆ ದುಡಿಮೆಯಲ್ಲಿ ಮುರಿದುಹೋಗುತ್ತದೆ, ಅದು ತೀರುವ ತನಕ ಬೋಟ್ ಬಿಡುವ ಹಾಗಿಲ್ಲ. ಕರಡನ್ನು ಓದಿದ ಅಂಕೋಲೆಯ ಒಬ್ಬ ಹುಡುಗ ಆ ಸಾಲಿನ ಮೇಲೆ ಬೆರಳಿಟ್ಟು ‘ದುಡ್ಡು ತಿರುಗಿ ಕೊಡ್ಬೇಕನ್ರಾ?’ ಎಂದು ಕೇಳಿದ. ಅವನ ಮನೆಯಲ್ಲಿ ಆ ಪದಕ್ಕಿರುವುದು ಅದೊಂದೇ ಅರ್ಥ.

‘ದತ್ತಿ’ ಹಳೆಯ, ಚೆಂದದ ಪದ. ಶಾಸನಗಳಲ್ಲಿ ‘ಬಿಟ್ಟ ದತ್ತಿ’ ಎಂದು ಮತ್ತೆ ಮತ್ತೆ ಬರುತ್ತದೆ. ಆದರೆ ಈಗ ದತ್ತಿನಿಧಿ ಎಂದರೆ ಅಸಲು ಹಾಗೇ ಉಳಿದು ಬಡ್ಡಿಯಲ್ಲಿ ಬಹುಮಾನವೋ ಉಪನ್ಯಾಸವೋ ನಡೆಯುವುದು. ನಮ್ಮದು ಅಸಲೇ ಖರ್ಚಾಗುವ ಹಣ. ‘ಪ್ರಾಯೋಜಕತ್ವ’ ಎಂದರೆ ಬ್ಯಾನರ್ ಕಟ್ಟಬೇಕು, ಹೆಸರು ಹಾಕಬೇಕು.

ಉಳಿದದ್ದು ‘ಅನುದಾನ’. ಶಾಸಕರ ಅನುದಾನ, ಅನುದಾನಿತ ಶಾಲೆ, ಪಂಚಾಯಿತಿಗೆ ಬಂದ ಅನುದಾನ, ಹೀಗೆ ಬಳಕೆಯೆಲ್ಲ ಸರ್ಕಾರದಿಂದ ಸಂಸ್ಥೆಗೆ. ಒಬ್ಬ ವ್ಯಕ್ತಿಗೆ ಅನುದಾನ ಎಂಬುದು ಕಿವಿಗೆ ಹೊಸದು. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ (1993) ಕಲಾವಿದರಿಗೆ, ಸಂಶೋಧಕರಿಗೆ ವೈಯಕ್ತಿಕವಾಗಿಯೇ ಹಣ ಕೊಡುತ್ತ ಬಂದಿದೆ, ಭಾರತೀಯ ಭಾಷೆಗಳಲ್ಲಿ ಬರೆದ ಅರ್ಜಿಯನ್ನೂ ತೆಗೆದುಕೊಳ್ಳುತ್ತದೆ. ಹಾಗಾಗಿ ಈ ಹೊಸ ಬಳಕೆಗೆ ಜಾಗವಿದೆ ಎಂದು ನನಗನ್ನಿಸುತ್ತದೆ. ಸದ್ಯಕ್ಕೆ ನಾನು ಬರೆದಿಟ್ಟ ವಾಕ್ಯ: ‘ಆಯ್ಕೆಯಾದವರಿಗೆ ಅನುದಾನವನ್ನು ಕಂತುಗಳಲ್ಲಿ ಕೊಡಲಾಗುವುದು, ಮೊದಲ ಕಂತು ಚಿತ್ರೀಕರಣಕ್ಕೆ ಮುಂಚೆ, ಹಣ ಮರಳಿಸಬೇಕಾಗಿಲ್ಲ.’

ಹಕ್ಕಿನ ವಿಷಯದಲ್ಲಿ ಕನ್ನಡದ ‘ಇಸು’ ಪ್ರತ್ಯಯ ನಮ್ಮ ನೆರವಿಗೆ ಬಂತು. ದೂರದರ್ಶನಕ್ಕಾಗಿ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್ (2000) ಹೊಸಬರಿಂದ ಎಷ್ಟೋ ಸಾಕ್ಷ್ಯಚಿತ್ರ ಮಾಡಿಸಿತು. ಅದು ಮಾಡಿಸುವುದು. ನಮ್ಮದು ಮಾಡಲು ಕೊಡುವುದು, ಹಕ್ಕು ಮಾಡಿದವರದ್ದೇ. ಇಂಗ್ಲಿಷ್‌ನವರು ಎರಡು ಬೇರೆ ಪದ ಹುಡುಕಬೇಕಾದ ಕಡೆ ನಮಗೆ ಒಂದು ಪ್ರತ್ಯಯ ಸಾಕಾಯಿತು. ಪ್ರಕಟಣೆಯಲ್ಲಿ ‘ನಾವು ಚಿತ್ರ ಮಾಡಿಸುತ್ತಿಲ್ಲ’ ಎಂದೇ ಬರೆದಿದ್ದೇವೆ.

ಎರಡನೆಯದು ‘ಉದಯೋನ್ಮುಖ’. ಉದಯೋನ್ಮುಖ ಕವಿ ಎಂದರೆ ಪತ್ರಿಕೆಯಲ್ಲಿ ನಾಲ್ಕು ಕವಿತೆಯಾದರೂ ಬಂದಿರಬೇಕು ಎಂಬ ಭಾವನೆ ಇದೆ. ಮೊಬೈಲಿನಲ್ಲಿ ಒಂದೂ ಪೂರ್ತಿ ಚಿತ್ರ ಮಾಡದ ಹುಡುಗಿ ತಾನು ಆ ಪದದೊಳಗೆ ಬರುತ್ತೇನೆಂದು ಅಂದುಕೊಳ್ಳುವುದಿಲ್ಲ. ‘ಹೊಸಬರು’ ಎಂದರೆ ಈಗಾಗಲೇ ಒಂದೆರಡು ಮಾಡಿದವರು ಹೊರಗುಳಿಯುತ್ತಾರೆ. ಯಕ್ಷಗಾನದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ, ಪುಂಡುವೇಷ ಎಂದು ಕಲಿಯುವವರ ಮೆಟ್ಟಿಲಿಗೆಲ್ಲ ಹೆಸರಿದೆ. ಸಿನಿಮಾದಲ್ಲಿ ನಮಗೆ ಅಂಥ ಹೆಸರುಗಳು ಬೆಳೆದಿಲ್ಲ. ‘ಮೊದಲ ಅಥವಾ ಎರಡನೆಯ ಚಿತ್ರ ಮಾಡುವವರು’ ಎಂದು ಬಿಡಿಸಿ ಬರೆಯುವುದೇ ಲೇಸೆಂದು ಕಾಣುತ್ತದೆ.

ಮೂರನೆಯದು ‘ಮಕ್ಕಳ ಸಾಕ್ಷ್ಯಚಿತ್ರ’. ಇಲ್ಲಿ ಷಷ್ಠಿ ವಿಭಕ್ತಿ ಮೂರೂ ಕಡೆ ಬಾಗಿಲು ತೆರೆಯುತ್ತದೆ: ಮಕ್ಕಳು ಮಾಡಿದ್ದು, ಮಕ್ಕಳ ಬಗ್ಗೆ ಮಾಡಿದ್ದು, ಮಕ್ಕಳಿಗಾಗಿ ಮಾಡಿದ್ದು. ‘ಮಕ್ಕಳ ಸಾಹಿತ್ಯ’ದಲ್ಲಿ ಮೂರನೆಯ ಅರ್ಥ ಗಟ್ಟಿಯಾಗಿ ನೆಲೆನಿಂತಿದೆ, ಸಾಕ್ಷ್ಯಚಿತ್ರದಲ್ಲಿ ನಿಂತಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಮನೆಯ ಹುಡುಗಿಯ ಬಗ್ಗೆ ಚಿತ್ರ ಮಾಡಿದರೆ ಅದು ದೊಡ್ಡವರ ವಿಚಾರಸಂಕಿರಣಕ್ಕೂ ಆದೀತು. ನಮಗೆ ಬೇಕಾದದ್ದು ನಾಲ್ಕನೆಯ ಇಯತ್ತೆಯ ಮಗು ಕೂತು ನೋಡುವ ಚಿತ್ರ. ಕೆಸರಿನಡಿಯ ಚಿಪ್ಪನ್ನು ಆ ಹುಡುಗಿಯ ಪಾದ ಹೇಗೆ ಗುರುತು ಹಿಡಿಯುತ್ತದೆ ಎಂದು ಹತ್ತಿರದಿಂದ ತೋರಿಸುವಂಥದ್ದು. 1955ರಲ್ಲಿ ಹುಟ್ಟಿದ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿ, ಸಾಕ್ಷ್ಯಚಿತ್ರ ಮಾಡುತ್ತಿದ್ದ 1948ರ ಫಿಲ್ಮ್ಸ್ ಡಿವಿಷನ್ ಎರಡೂ 2022ರಲ್ಲಿ ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಯೊಳಗೆ ಸೇರಿದವು. ಮಕ್ಕಳಿಗೆಂದೇ ಇದ್ದ ಪ್ರತ್ಯೇಕ ಸಂಸ್ಥೆ ಈಗ ಇಲ್ಲವಾದ್ದರಿಂದ ಆ ‘ಗಾಗಿ’ಯನ್ನು ಬಿಡಲು ನನಗೆ ಮನಸ್ಸಿಲ್ಲ. ಉದ್ದವಾದರೂ ‘ಮಕ್ಕಳಿಗಾಗಿ’ ಇರಲಿ.

‘ಕಿರು’ ಎಂಬುದಕ್ಕೆ ನಿಮಿಷ ಬರೆದರಾಯಿತು. ಆಸ್ಕರ್ ನಿಯಮದಲ್ಲಿ ಅದು 40 ನಿಮಿಷದವರೆಗೆ, ಶಾಲೆಯ ಒಂದು ಪೀರಿಯಡ್ಡಿನಷ್ಟು. ಸಣ್ಣ ಮಕ್ಕಳಿಗೆ ಅದೂ ಹೆಚ್ಚು.

‘ಸಾಕ್ಷ್ಯಚಿತ್ರ’ವನ್ನು ಬದಲಿಸುವ ಆಸೆ ಇಲ್ಲ. ಮರಾಠಿಯ ಮಾಹಿತಿಪಟ, ತಮಿಳಿನ ಆವಣಪ್ಪಡಂ ನೋಡಿದೆ. ಒಂದು ಪಾಠದ ಹಾಗಿದೆ, ಇನ್ನೊಂದು ದಫ್ತರದ ಹಾಗಿದೆ. ಕಣ್ಣಾರೆ ಕಂಡದ್ದು ಎಂಬ ಅರ್ಥ ನಮ್ಮ ಪದದಲ್ಲೇ ಇದೆ.

ಬಲ್ಲವರಲ್ಲಿ ನನ್ನ ಕೇಳಿಕೆ: ಒಬ್ಬ ವ್ಯಕ್ತಿಗೆ ಕೊಡುವ ಹಣಕ್ಕೆ ‘ಅನುದಾನ’ ಎಂದು ಬಳಸಿದ್ದನ್ನು ಹಳೆಯ ಬರಹಗಳಲ್ಲಿ ಕಂಡಿದ್ದೀರಾ? ಸಾಲವೂ ಅಲ್ಲದ, ದಾನವೂ ಅಲ್ಲದ, ಲೆಕ್ಕ ಒಪ್ಪಿಸಬೇಕಾದ ಹಣಕ್ಕೆ ನಿಮ್ಮ ಊರಿನ ಆಡುಮಾತಿನಲ್ಲಿ ಬೇರೆ ಹೆಸರಿದೆಯೇ? ಇದ್ದರೆ ಬರಿಯ ಪದವನ್ನಲ್ಲ, ಅದನ್ನು ಬಳಸುವ ಒಂದು ವಾಕ್ಯವನ್ನೂ ದಯವಿಟ್ಟು ಬರೆಯಿರಿ.