ಹನ್ನೆರಡು ಮಂದಿಗೆ ಹೊಲದಾಗ ಸೀತನಿ ಊಟ: ತೆನಿ ಎಷ್ಟು, ಕುಳ್ಳು ಎಷ್ಟು?

ಗುಮ್ಮಟದೂರು:
ಸಂಕ್ರಮಣದ ಹಿಂದಿನ ರವಿವಾರ ಹನ್ನೆರಡು ಮಂದಿ ಗೆಳ್ಯಾರು ಕೂಡಿ ಬಸವನ ಬಾಗೇವಾಡಿ ಕಡೆ ಒಂದು ಹೊಲದಾಗ ಸೀತನಿ (ಹಸಿ ಜೋಳದ ತೆನಿ ಸುಟ್ಟು, ತಿಕ್ಕಿ ಬಿಡಿಸಿದ ಕಾಳು) ಮಾಡೋರಿದ್ದೀವಿ. ಬಿತ್ತಿದ್ದು ಮಾಲದಂಡಿ ಜೋಳ, ಸೆಪ್ಟೆಂಬರ್ ಕೊನಿಗೆ. ತೆನಿ ಹದಕ್ಕ ಬಂದದ್ದು ಹೆಂಗ ಗೊತ್ತಾಗತೈತಿ? ಎಷ್ಟು ಕೊಯ್ಯಬೇಕು? ಎಷ್ಟೋ ಕಡೆ ತೆನಿ ಹೊರಗ ಕರ್ರಗ ಸುಟ್ಟು ಒಳಗ ಹಸಿ ಉಳೀತಾವ, ತಿಕ್ಕಿದ್ರ ಹೊಟ್ಟು ಬಿಡೂದಿಲ್ಲ. ಅದು ಯಾಕ? ಮಧ್ಯಾಹ್ನ ಒಂದಕ್ಕ ಊಟಕ್ಕ ಕೂಡಬೇಕು. ಬಲ್ಲವರು ಹೇಳ್ರಿ.

ಡೋಣಿಸಾಲು:
ಕ್ಯಾಲೆಂಡರ್ ಬಿಟ್ಟು ಕಾಳು ನೋಡ್ರಿ. ಒಂದು ಕಾಳು ಉಗುರಿನಿಂದ ಒತ್ತಿದ್ರ ನೀರು ಹಾಲು ಬಂತಂದ್ರ ಇನ್ನೂ ಎಳೇದು. ಸುಟ್ಟ ಮ್ಯಾಲೆ ಸುಕ್ಕಿ ಬರೇ ಸಿಪ್ಪಿ ಉಳೀತೈತಿ. ಕೆನಿಯಂಗ ಗಟ್ಟಿ ಬಂತಂದ್ರ ಅದ ಹದ. ಉಗುರು ಇಳೀಲಿಲ್ಲಂದ್ರ ಬಿಟ್ಟುಬಿಡ್ರಿ, ಕಾಳಿನೊಳಗಿನ ಸಕ್ಕರಿ ಅಷ್ಟರಾಗ ಹಿಟ್ಟಾಗಿರತೈತಿ, ಸಿಹಿ ಹೋಗಿರತೈತಿ. ಪರೀಕ್ಷೆ ತೆನಿ ನಡುವಿನ ಕಾಳಿಗೆ ಮಾಡ್ರಿ. ಜೋಳ ತುದಿಯಿಂದ ಹೂ ಬಿಡಾಕ ಸುರು ಮಾಡಿ ಬುಡಕ್ಕ ಬರಾಕ ನಾಕೈದು ದಿನ ಹಿಡೀತೈತಿ. ಹಂಗಾಗಿ ತುದಿ ಕಾಳು ಬಲಿತಿದ್ರೂ ಬುಡದ್ದು ಎಳೇದಿರತೈತಿ.

ಸೆಪ್ಟೆಂಬರ್ ಕೊನಿ ಬಿತ್ತಿಗಿ ಅಂದ್ರ ಜನವರಿ ಮೊದಲ ಹದಿನೈದು ದಿನದಾಗ ಸಿಗತೈತಿ. ಒಂದ ಹೊಲದಾಗೂ ಎಲ್ಲಾ ತೆನಿ ಒಮ್ಮಿಗೆ ಹದಕ್ಕ ಬರೂದಿಲ್ಲ. ತಗ್ಗಿನ ಎರಿಯಾಗ (ಕರಿ ಮಣ್ಣಿನಾಗ) ಹಸಿ ಹಿಡಿದಿದ್ದು ತಡಾ, ದಿಬ್ಬದ ಮ್ಯಾಗಿಂದು ಮೊದಲ. ದಿಬ್ಬದ ಜೋಳ ಬಲಿತಿದ್ರ ತಗ್ಗಿಗೆ ಇಳೀರಿ. ಬದುವಿನ ಗುಂಟ ಸಕ್ಕರಿ ಮುಕ್ಕರಿ ಜೋಳದ ಎರಡು ಸಾಲು ಹಾಕಿದ್ರ ಅದನ್ನ ಮೊದಲು ಕೇಳ್ರಿ, ಸೀತನಿಗೆ ಅದರ ಮುಂದ ಬ್ಯಾರೆ ಇಲ್ಲ.

ಲೆಕ್ಕ: ಮ್ಯಾಲೆ ರೊಟ್ಟಿ ಊಟಾನೂ ಇದ್ರ ಒಬ್ಬರಿಗೆ 4 ತೆನಿ, ಬರೇ ಸೀತನಿ ಅಂದ್ರ 6. ನಿಮಗ 50 ಸಾಕು. ಗೇಣುದ್ದ ದಂಟು ಬಿಟ್ಟು ಕೊಯ್ರಿ, ಅದ ಹಿಡಿಕಿ. ಐವತ್ತೂ ಒಮ್ಮಿಗೆ ಕೊಯ್ಯಬ್ಯಾಡ್ರಿ, ಕೊಯ್ದಿಟ್ಟದ್ದು ಬಿಸಲಿಗೆ ಬಾಡಿ ಸಪ್ಪಗಾಗತೈತಿ. ಹತ್ತು ಹನ್ನೆರಡು ತೆನಿ ಸುಡೂತನಕ ಮುಂದಿನವು ಕೊಯ್ದು ಬರ್ತಾವ. ಕರಿ ಪುಡಿ ಉದುರೂ ಕಾಡಿಗಿ ರೋಗದ ತೆನಿ ಬ್ಯಾಡ. ಹೇನಿಗೋ ಹುಳಕ್ಕೋ ಎಣ್ಣಿ (ಕೀಟನಾಶಕ) ಹೊಡೆದಾರೇನು, ಎಂದು ಹೊಡೆದಾರ ಅಂತ ಹೊಲದವರನ್ನ ಕೇಳದ ಒಂದು ತೆನೀನೂ ಮುರೀಬ್ಯಾಡ್ರಿ. ತೆನಿ ಬಂದ ಮ್ಯಾಲೆ ಹೊಡೆದಿದ್ರ ಬ್ಯಾರೆ ಹೊಲ ಹುಡುಕ್ರಿ.

ಕುಳ್ಳಿನ ಕೆಂಡ:
ಡೋಣಿಯವರು ತೆನಿ ಹೇಳಿದ್ರು, ನಾ ಬೆಂಕಿ ಹೇಳ್ತೀನಿ. ಹೊರಗ ಕರ್ರಗ ಒಳಗ ಹಸಿ ಆಗೂದು ಉರಿಯಾಗ ಸುಟ್ಟರ. ಸೀತನಿ ಸುಡೂದು ಕೆಂಡದಾಗ. ಮಾಲದಂಡಿ ತೆನಿ ಒತ್ತಾಗಿರತೈತಿ, ಉರಿ ಹೊರಗಿನ ಹೊಟ್ಟು ಸುಟ್ಟು ಹೋಗತೈತಿ, ಒಳಗಿನ ಕಾಳಿಗೆ ಶಾಖ ಮುಟ್ಟೂದ ಇಲ್ಲ.

ಎರಡು ಮೊಳ ಉದ್ದ, ಒಂದು ಮೊಳ ಅಗಲ, ಒಂದು ಗೇಣು ಆಳ ತಗ್ಗು ತೋಡ್ರಿ. ಚೆಂದ ಒಣಗಿದ ಕುಳ್ಳು (ಸಗಣಿ ಬೆರಣಿ) 30 ಬೇಕು: 20 ಮೊದಲ, 10 ನಡುವ ಕೆಂಡ ಇಳಿದಾಗ. ಹಸಿ ಕುಳ್ಳು ಹೊಗಿ ಕಾರತೈತಿ, ಆ ಹೊಗಿ ವಾಸನಿ ಕಾಳಿಗೆ ಹತ್ತತೈತಿ. ಸೀಮೆಎಣ್ಣಿ, ಡೀಸೆಲ್ ಹಾಕಿ ಹಚ್ಚಿದ್ರೂ ಹಂಗ. ಒಣ ರವದಿಯಿಂದ (ದಂಟಿನ ಒಣ ಎಲಿಯಿಂದ) ಹಚ್ರಿ. ಉರಿ ನಿಂತು, ಹೊಗಿ ನಿಂತು, ಕೆಂಪಿನ ಮ್ಯಾಲೆ ಬಿಳಿ ಬೂದಿ ತೆಳುವಾಗಿ ಕೂಡಬೇಕು. ಅದಕ್ಕ ಮುಕ್ಕಾಲು ತಾಸು ಹಿಡೀತೈತಿ. ಒಂದಕ್ಕ ಊಟ ಅಂದ್ರ ಹತ್ತೂವರಿಗೆ ಹಚ್ರಿ. ಅಷ್ಟರಾಗ ತೆನಿ ಮ್ಯಾಗಿನ ಇಬ್ಬನಿನೂ ಆರಿರತೈತಿ. ತೊಯ್ದ ತೆನಿ ಕುದ್ದಂಗ ಆಗತೈತಿ, ಸುಟ್ಟಂಗ ಆಗೂದಿಲ್ಲ.

ತೆನಿ ಕೆಂಡದಾಗ ಹುಗಿದು, ದಂಟು ಹೊರಗ ಬಿಟ್ಟು, ಮ್ಯಾಲೆ ಒಂದಿಷ್ಟು ಕೆಂಡ ಸರಿಸ್ರಿ. ತಿರುವುತ್ತಾ 3-4 ನಿಮಿಷ. ಚಟಚಟ ಸಪ್ಪಳ ಬಂದು ಕಂಪು ಎದ್ದಾಗ ಒಂದು ತೆಗೆದು ನಡುವಿನ ಕಾಳು ಬಿಡಿಸಿ ತಿಂದು ನೋಡ್ರಿ.

ಹೊಟ್ಟು ಬಿಡದ್ದಕ್ಕ ಕಾರಣ ಒಂದ: ತೆನಿ ಆರಿರತೈತಿ. ಬಿಸಿ ಇದ್ದಾಗ ಕಾಳು ಸಡ್ಲಾಗಿರತೈತಿ, ಆರಿದ ಕೂಡ್ಲೆ ಹೊಟ್ಟು ಮತ್ತ ಅಂಟತೈತಿ. ದಪ್ಪನ ಹತ್ತಿ ಅರಿವ್ಯಾಗ ಸುತ್ತಿ ಅಂಗೈಯಿಂದ ಒತ್ತಿ ತಿಕ್ಕ್ರಿ. ಗೊಬ್ಬರದ ಪ್ಲಾಸ್ಟಿಕ್ ಚೀಲ ಬಿಲ್ಕುಲ್ ಬ್ಯಾಡ, ಬಿಸಿಗೆ ಕರಗತೈತಿ. ಆಮ್ಯಾಲೆ ಮೊರದಾಗ ಕೇರ್ರಿ. ಸುಡಾಕ ಇಬ್ಬರು, ತಿಕ್ಕಾಕ ಮೂವರು, ಕೇರಾಕ ಒಬ್ಬರು. ಕೈಗೆ ಬಂದಂಗ ತಿಂತಾ ಹೋಗ್ರಿ. ಎಲ್ಲಾ ಮುಗಿಸಿ ಕೂಡೂಣು ಅಂತ ಕಾದ್ರ ಕಾಳು ಜಿಗಟಾಗತೈತಿ.

ತಗ್ಗು ನಿಂತ ಬೆಳಿಗೆ, ಬಣವಿಗೆ 20 ಅಡಿ ದೂರ ಇರಲಿ, ಗಾಳಿ ಬೆಳಿ ಕಡೆ ಹೊಡೀತಿದ್ರ ಜಾಗಾ ಬದಲಿಸ್ರಿ. ಎರಡು ಕೊಡ ನೀರು ಬಾಜೂಕ ಇಡ್ರಿ.

ರೊಟ್ಟಿಬುತ್ತಿ:
ಅಣ್ಣಾರ, ಬುತ್ತಿ ಲೆಕ್ಕ ನಂದು. ಸೀತನಿ ತಿಂದವರು ರೊಟ್ಟಿ ಕಡಿಮಿ ತಿಂತಾರ, ಹನ್ನೆರಡು ಮಂದಿಗೆ 30 ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸಾಕು. ಎಣ್ಣಿಗಾಯಿಗೆ ಸಣ್ಣ ಬದನಿಕಾಯಿ ಎರಡು ಕಿಲೋ, ಪುಂಡಿ ಪಲ್ಯ ಒಂದು ಡಬ್ಬಿ. ಸೀತನಿ ಜೋಡಿಗೆ ಶೇಂಗಾ ಚಟ್ನಿ ಕಾಲು ಕಿಲೋ, ಗುರೆಳ್ಳು ಚಟ್ನಿ 150 ಗ್ರಾಂ, ಕೆನಿಮೊಸರು ಎರಡು ಲೀಟರ್, ಬೆಲ್ಲ ಅರ್ಧ ಕಿಲೋ, ಒಣ ಕೊಬ್ಬರಿ ಎರಡು ಬಟ್ಟಲು. ಚಟ್ನಿ ಒಣಾನ ಇರಬೇಕು, ಹಸಿ ಚಟ್ನಿ ಕಾಳಿಗೆ ಹತ್ತಿ ಮುದ್ದಿ ಆಗತದ.

ಸೀತನಿ ಆದ ಮ್ಯಾಲೆ ಒಂದು ತಾಸು ಬಿಟ್ಟು ರೊಟ್ಟಿ ಬಡಸ್ರಿ. ಅರೆಬರೆ ಸುಟ್ಟ ಕಾಳು ಮುಕ್ಕಿದ್ರ ಹೊಟ್ಟಿ ಉಬ್ಬತದ, ಅದಕ್ಕ ಮಜ್ಜಿಗಿ ನಾಕು ಲೀಟರ್ ಒಯ್ಯರಿ, ಜೀರಿಗಿ ಹಾಕಿ.

ಬಾಜೂಕ ಕಡಲಿ ಇದ್ರ, ಹೊಲದವರು ಹೂಂ ಅಂದ್ರ, ನಾಕು ಸಿವುಡು (ಸಣ್ಣ ಕಟ್ಟು) ಕಿತ್ತು ಸುಲಗಾಯಿ (ಸುಟ್ಟ ಹಸಿ ಕಡಲಿ) ಮಾಡ್ರಿ. ಇದಕ್ಕ ಮಾತ್ರ ಉರಿನ ಬೇಕು: ಉಳಿದ ಕೆಂಡದ ಮ್ಯಾಲೆ ಒಣ ರವದಿ ಹಾಕಿ ಗಿಡಾನ ತಿರುವ್ರಿ, ಎಲಿ ಸುಟ್ಟು ಉದುರಿದ್ರ ಕಾಯಿ ಆದಂಗ.

ಗುಮ್ಮಟದೂರು:
ಅಕ್ಕಾರಿಗೂ ಎಲ್ಲಾರಿಗೂ ಶರಣು. ಎಳ್ಳ ಅಮಾಸಿ ದಿನಾನ ಇಟ್ಟುಕೊಂಡ್ರ ನಡೀತೈತೇನು? ಉಳಿದ ತೆನಿ ಮನಿಗೆ ಒಯ್ಯಬಹುದಾ?

ಡೋಣಿಸಾಲು:
ಅವತ್ತು ಹೊಲದವರು ಮನಿಮಂದಿನೆಲ್ಲಾ ಕರ್ಕೊಂಡು ಚರಗ ಚೆಲ್ಲಾಕ (ಭೂಮಿತಾಯಿಗೆ ಎಡಿ ಮಾಡಿ ಹೊಲದ ತುಂಬ ಚೆಲ್ಲಾಕ) ಬರ್ತಾರ. ಅವರ ಕರೆದ್ರ ಹೋಗ್ರಿ, ನಿಮ್ಮ ಕೂಟ ಬ್ಯಾರೆ ದಿನ ಇಡ್ರಿ. ತಿಥಿ ವರ್ಷಾ ಹಿಂದ ಮುಂದ ಆಗತೈತಿ, ಲಗೂ ಬಂದ್ರ ನಿಮ್ಮ ಬಿತ್ತಿಗಿ ತೆನಿ ಅವತ್ತಿಗೆ ಎಳೇದ ಇರತೈತಿ.

ಸುಡದ ತೆನಿ ಹಸಿ ಅರಿವ್ಯಾಗ ಸುತ್ತಿದ್ರ ಸಂಜೀತನಕ ನಡೀತೈತಿ. ಮನ್ಯಾಗ ಗ್ಯಾಸ್ ಮ್ಯಾಲೆ ಸುಡೂದಾದ್ರ ಕಾಳು ಬಿಡಿಸಿ ಕಬ್ಬಿಣದ ಹಂಚಿನಾಗ ಸಣ್ಣ ಉರಿಗೆ ಹುರೀರಿ. ಕೆಂಡದ ಕಂಪು ಬರೂದಿಲ್ಲ, ಸಿಹಿ ಉಳೀತೈತಿ. ಹೊಲ ಬಿಡೂ ಮುಂದ ತಗ್ಗಿಗೆ ಎರಡೂ ಕೊಡ ಸುರುವಿ, ಬೂದಿ ಕೆದಕಿ, ಮತ್ತ ಮಣ್ಣು ಮುಚ್ಚರಿ. ಕುಳ್ಳಿನ ಕೆಂಡ ಬೂದಿ ಅಡಿಗೆ ರಾತ್ರಿತನಕ ಜೀವ ಹಿಡಿದಿರತೈತಿ.