ಕಬಡ್ಡಿ ಆಡಿದ ಅಪ್ಪನಿಗೆ ಎ.ಎಲ್.ಎಸ್. ಅಂತೆ: ಡಾಕ್ಟರಲ್ಲಿ ಕೆಲವು ಪ್ರಶ್ನೆ

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದಿಂದ, ಹೆಸರು ಬೇಡ ಎಂದಿದ್ದಾರೆ):

ಡಾಕ್ಟ್ರೇ, ನಮಸ್ಕಾರ. ಅಪ್ಪನನ್ನು ಗೊತ್ತಿರುವವರು ಈ ಗುಂಪಿನಲ್ಲಿ ತುಂಬ ಜನ ಇದ್ದಾರೆ, ಅದಕ್ಕೇ ಅಡ್ಮಿನ್ ಮೂಲಕ ಹಾಕಿಸಿದ್ದೇನೆ. ಅಪ್ಪನಿಗೆ 58. ಒಂದು ಕಾಲದಲ್ಲಿ ಒಳ್ಳೆಯ ರೈಡರ್. ಕುಂಬಳೆ, ಮಂಜೇಶ್ವರದಿಂದ ಹಿಡಿದು ಸುಳ್ಯ, ಪುತ್ತೂರಿನವರೆಗೆ ಆಡಿದ್ದಾರೆ. ಆಮೇಲೆ ಅಡಿಕೆ ತೋಟ, ಸಂಜೆ ಶಾಲೆ ಮಕ್ಕಳಿಗೆ ಕೋಚಿಂಗ್.

ಹೋದ ವರ್ಷ ಮಳೆಗಾಲದಲ್ಲಿ ನಡೆಯುವಾಗ ಬಲಗಾಲಿನ ಹವಾಯಿ ಚಪ್ಪಲಿ ಜಾರಿ ಹಿಂದೆಯೇ ಉಳಿಯುತ್ತಿತ್ತು. ಹಳೆ ಪೆಟ್ಟು ಇರಬೇಕು ಎಂದು ನಾವೂ ಸುಮ್ಮನಾದೆವು. ಒಂದು ಆಸ್ಪತ್ರೆಯಲ್ಲಿ ಸೊಂಟದ ಡಿಸ್ಕ್ ಅಂದರು, ಇನ್ನೊಂದರಲ್ಲಿ ಕುತ್ತಿಗೆಗೆ ಆಪರೇಷನ್ ಬೇಕಾದೀತು ಅಂದರು. ಅಷ್ಟರಲ್ಲಿ ಕೈಯಲ್ಲಿ ಅಂಗಿಯ ಗುಂಡಿ ಹಾಕಲು ಆಗದಾಯಿತು, ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸ ಕರಗಿ ಅಲ್ಲಿ ಗುಳಿ ಬಿತ್ತು. ಕೊನೆಗೆ ಮಂಗಳೂರಿನಲ್ಲಿ ನರಗಳ ಕರೆಂಟ್ ಟೆಸ್ಟ್, ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಇ.ಎಂ.ಜಿ. ಎಲ್ಲ ಮಾಡಿ ಮೋಟಾರ್ ನ್ಯೂರಾನ್ ಕಾಯಿಲೆ, ಎ.ಎಲ್.ಎಸ್. ಎಂದರು. ರಿಲುಜೋಲ್ ಮಾತ್ರೆ ಕೊಟ್ಟಿದ್ದಾರೆ.

ಅಪ್ಪನಿಗೆ ನಾವು ‘ನರದ ವೀಕ್‌ನೆಸ್’ ಎಂದಷ್ಟೇ ಹೇಳಿದ್ದೇವೆ. ಅವರು ಅದನ್ನು ನಂಬಿ ಬೆಳಿಗ್ಗೆ ಐದಕ್ಕೆ ಎದ್ದು ಗೋಡೆ ಹಿಡಿದು ಬಸ್ಕಿ ಹೊಡೆಯುತ್ತಾರೆ. ಬೆವರು ಬಂದರೆ ಸರಿಯಾಗುತ್ತದೆ ಅಂತಾರೆ. ಟಿ.ವಿ.ಯಲ್ಲಿ ಪ್ರೊ ಕಬಡ್ಡಿ ನೋಡುವಾಗ ಒಮ್ಮೊಮ್ಮೆ ಅಳು ಶುರುವಾದರೆ ನಿಲ್ಲುವುದಿಲ್ಲ, ಅಮ್ಮ ಹೆದರಿಹೋಗಿದ್ದಾಳೆ. ಕಬಡ್ಡಿಯಿಂದಲೇ ಬಂತಾ ಇದು? ವ್ಯಾಯಾಮ ಮಾಡಬಹುದಾ? ಇನ್ನೆಷ್ಟು ಸಮಯ? ಅಪ್ಪನಿಗೆ ಹೇಳುವುದಾ ಬೇಡವಾ? ಚಿಕ್ಕಪ್ಪಂದಿರು ಹೇಳಲೇಬಾರದು ಅಂತಾರೆ.

ಡಾಕ್ಟರ್ (ನ್ಯೂರಾಲಜಿ):

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಹೇಳಿ. ಬೇಗ ಹೇಳಿ.

ಈ ಕಾಯಿಲೆಯಲ್ಲಿ ಮೆದುಳು ಮತ್ತು ಬೆನ್ನುಹುರಿಯಿಂದ ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ, ಕಾಲು, ನಾಲಿಗೆ, ಗಂಟಲು, ಕೊನೆಗೆ ಉಸಿರಿನ ಸ್ನಾಯು. ಮುಟ್ಟಿದ್ದು ಗೊತ್ತಾಗುತ್ತದೆ, ಕಿವಿ ಕೇಳುತ್ತದೆ, ಕಣ್ಣು ಆಡುತ್ತದೆ. ಯೋಚನೆ, ನಡವಳಿಕೆಯಲ್ಲಿ ಕೆಲವರಿಗೆ ಸ್ವಲ್ಪ ಬದಲಾವಣೆ ಬರುತ್ತದೆ; ತುಂಬ ಜನರಿಗೆ ಬುದ್ಧಿ ಕೊನೆಯವರೆಗೂ ಚುರುಕಾಗಿಯೇ ಇರುತ್ತದೆ. ಮುಂದೆ ಎರಡು ದೊಡ್ಡ ತೀರ್ಮಾನ ಬರುತ್ತವೆ: ಉಸಿರಿಗೆ ಮಾಸ್ಕ್ ಇರುವ ಯಂತ್ರ ಬೇಕೋ ಬೇಡವೋ, ನುಂಗಲು ಆಗದಾಗ ಹೊಟ್ಟೆಗೆ ನೇರ ಟ್ಯೂಬ್ ಇಡಬೇಕೋ ಬೇಡವೋ. ಆಮೇಲೆ ಮೂರನೆಯದು, ಗಂಟಲಿಗೆ ತೂತು ಮಾಡಿ ವೆಂಟಿಲೇಟರ್. ಇವು ಚಿಕ್ಕಪ್ಪಂದಿರ ತೀರ್ಮಾನಗಳಲ್ಲ. ನಿಮ್ಮವೂ ಅಲ್ಲ. ಅಪ್ಪನ ಬಾಯಿ ಆಡುವಾಗಲೇ ಅವರನ್ನು ಕೇಳಬೇಕು. ಕೇಳದೇ ಇಟ್ಟ ಮನೆಗಳಲ್ಲಿ ಏನಾಗುತ್ತದೆ ಎಂದರೆ, ಒಂದು ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಆಂಬ್ಯುಲೆನ್ಸ್ ಓಡುತ್ತದೆ, ಕ್ಯಾಶುವಾಲ್ಟಿಯಲ್ಲಿ ಹೊಸಬರೊಬ್ಬರು ‘ಟ್ಯೂಬ್ ಹಾಕುವುದಾ?’ ಎಂದು ಕೇಳುತ್ತಾರೆ, ಮನೆಯವರು ಮುಖ ಮುಖ ನೋಡುತ್ತಾರೆ.

ಮತ್ತೆ, ನಿಮ್ಮ ಅಪ್ಪ ದಡ್ಡರಲ್ಲ. ಬಸ್ಕಿ ಹೊಡೆದರೂ ಕಾಲು ಬರುತ್ತಿಲ್ಲ ಎಂದು ಅವರಿಗೆ ಗೊತ್ತಾಗದೆ ಇರುತ್ತದಾ?

ವ್ಯಾಯಾಮದ ವಿಷಯ. ಕೀಲು ಬಿಗಿಯದಂತೆ ದಿನಾ ಕೈಕಾಲು ಮಡಚಿ ಬಿಡಿಸುವುದು, ಹಗುರ ನಡಿಗೆ, ಇಷ್ಟು ಒಳ್ಳೆಯದೇ. ಮಾಡಿದ ಅರ್ಧ ಗಂಟೆಯ ನಂತರವೂ ಸುಸ್ತು, ಸೆಳೆತ ಇದ್ದರೆ ಅದು ಜಾಸ್ತಿಯಾಯಿತು ಎಂದರ್ಥ. ನರ ಸತ್ತ ಸ್ನಾಯುವನ್ನು ಬೆವರಿಳಿಸಿ ಬೆಳೆಸಲು ಆಗುವುದಿಲ್ಲ. ಆಟಗಾರರಿಗೆ ಇದನ್ನು ಒಪ್ಪಿಸುವುದೇ ಕಷ್ಟ, ಜೀವಮಾನವಿಡೀ ಅವರು ಕಲಿತದ್ದು ಇದರ ಉಲ್ಟಾ. ಗೋಡೆ ಹಿಡಿದು ಬಸ್ಕಿ ಬೇಡ, ಬಿದ್ದು ಸೊಂಟ ಮುರಿದರೆ ಮತ್ತೆ ಏಳುವುದಿಲ್ಲ. ಪಾದ ಎತ್ತಿ ಹಿಡಿಯುವ ಸ್ಪ್ಲಿಂಟ್ ಸಿಗುತ್ತದೆ, ಚಪ್ಪಲಿ ಬದಲು ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಸಿ.

ಅಳುವುದಕ್ಕೆ ಅಮ್ಮ ಹೆದರುವುದು ಬೇಡ. ಅದು ದುಃಖದ ಅಳುವೇ ಆಗಬೇಕೆಂದಿಲ್ಲ. ನಗು, ಅಳುವಿಗೆ ಮೆದುಳು ಹಾಕುವ ಬ್ರೇಕ್ ಸಡಿಲವಾಗಿದೆ. ಅದಕ್ಕೆ ಮಾತ್ರೆ ಇದೆ, ಮುಂದಿನ ಸಲ ನಿಮ್ಮ ಡಾಕ್ಟರಿಗೆ ಹೇಳಿ.

ಸಮಯ: ಲಕ್ಷಣ ಶುರುವಾದಲ್ಲಿಂದ ಮೂರರಿಂದ ಐದು ವರ್ಷ ಎನ್ನುವುದು ಹೆಚ್ಚಿನವರ ಲೆಕ್ಕ. ನೂರರಲ್ಲಿ ಸುಮಾರು ಹತ್ತು ಮಂದಿ ಹತ್ತು ವರ್ಷ ದಾಟುತ್ತಾರೆ. ಸ್ಟೀಫನ್ ಹಾಕಿಂಗ್‌ಗೆ 21ನೇ ವಯಸ್ಸಿನಲ್ಲಿ, 1963ರಲ್ಲಿ ಪತ್ತೆಯಾಗಿ 2018ರವರೆಗೆ ಬದುಕಿದರು ಎಂದು ನೆಂಟರು ಹೇಳಲು ಶುರು ಮಾಡಿರುತ್ತಾರೆ. ನಿಜ, ಆದರೆ ಅದು ಅಪರೂಪದಲ್ಲಿ ಅಪರೂಪ. ರಿಲುಜೋಲ್ ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಸರಾಸರಿ ಎರಡು ಮೂರು ತಿಂಗಳು ಮುಂದೂಡುತ್ತದೆ. 50 ಮಿಲಿಗ್ರಾಂ ದಿನಕ್ಕೆರಡು ಸಲ, ಊಟಕ್ಕೆ ಒಂದು ಗಂಟೆ ಮುಂಚೆ. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ಲಿವರ್ ಟೆಸ್ಟ್ ತಪ್ಪಿಸಬೇಡಿ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದುಕೊಂಡರೆ ನನ್ನ ಅಭ್ಯಂತರವೇನೂ ಇಲ್ಲ, ಬಿಗಿತಕ್ಕೆ ಹಿತವಾಗುತ್ತದೆ. ಕಷಾಯ, ಭಸ್ಮ ಕುಡಿಸುವುದಾದರೆ ಮಾತ್ರ ಡಾಕ್ಟರಿಗೆ ತಿಳಿಸಿಯೇ ಕೊಡಿ, ಲಿವರಿನ ಮೇಲೆ ಎರಡು ಭಾರ ಬೇಡ.

ಕಬಡ್ಡಿಯಿಂದ ಬಂತಾ? ಹಾಗೆ ಹೇಳಲು ಆಧಾರವಿಲ್ಲ. ಅಮೆರಿಕದ ಬೇಸ್‌ಬಾಲ್ ಆಟಗಾರ ಲೂ ಗೆರಿಗ್, ಒಂದೂ ತಪ್ಪಿಸದೆ ಸತತ 2,130 ಪಂದ್ಯ ಆಡಿದವರು, 1939ರಲ್ಲಿ ಇದೇ ಕಾಯಿಲೆ ಎಂದು ಗೊತ್ತಾಗಿ 1941ರಲ್ಲಿ ತೀರಿಹೋದರು. ಅಲ್ಲಿ ಕಾಯಿಲೆಗೆ ಅವರದೇ ಹೆಸರು. ಇತ್ತೀಚೆಗೆ ಇಂಗ್ಲೆಂಡಿನ ರಗ್ಬಿ ಆಟಗಾರ ರಾಬ್ ಬರೋ ಇದರಿಂದಲೇ 2024ರಲ್ಲಿ ತೀರಿಹೋದರು. ಇಟಲಿಯ ಏಳು ಸಾವಿರಕ್ಕೂ ಹೆಚ್ಚು ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಲೆಕ್ಕಕ್ಕೆ ತೆಗೆದುಕೊಂಡ 2005ರ ಅಧ್ಯಯನದಲ್ಲಿ ಇದು ನಿರೀಕ್ಷೆಗಿಂತ ಜಾಸ್ತಿ ಕಂಡಿತ್ತು. ಆದರೆ ಜಾಸ್ತಿ ಎಂದರೂ ಕೈಬೆರಳಲ್ಲಿ ಎಣಿಸುವಷ್ಟು ಮಂದಿ. ತಲೆಗೆ ಬೀಳುವ ಪೆಟ್ಟೋ, ವಿಪರೀತ ದಣಿವೋ, ಹುಟ್ಟಿನಿಂದ ಬಂದ ಗುಣವೋ ಎಂದು ಇನ್ನೂ ಜಗಳ ನಡೆಯುತ್ತಿದೆ. ಆಡಿದ್ದಕ್ಕೆ ಪಶ್ಚಾತ್ತಾಪ ಪಡುವ ಹಾಗೆ ಅವರಿಗೆ ಯಾರೂ ಮಾತಾಡಬೇಡಿ.

ಎಣ್ಮಕಜೆಯ ಒಬ್ಬರು:

ಡಾಕ್ಟ್ರೇ, ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಕಡೆ ಇಂಥದ್ದು ಕೇಳಿದ ಕೂಡಲೇ ಮನಸ್ಸು ಎಂಡೋಸಲ್ಫಾನ್ ಕೀಟನಾಶಕಕ್ಕೆ ಹೋಗುತ್ತದೆ. ಅದರಿಂದ ಇರಬಹುದಾ?

ಡಾಕ್ಟರ್:

ನಿಮ್ಮ ಮನಸ್ಸು ಅಲ್ಲಿಗೆ ಹೋಗುವುದು ಸಹಜ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು 2000ದವರೆಗೂ ನಡೆಯಿತು, ಅದನ್ನು ಕಂಡವರು ನಾವೆಲ್ಲ. ಕೀಟನಾಶಕಗಳಿಗೂ ಎ.ಎಲ್.ಎಸ್.ಗೂ ನಂಟಿರಬಹುದು ಎನ್ನುವ ಅಧ್ಯಯನಗಳು ಇವೆ. ಆದರೆ ಒಬ್ಬ ರೋಗಿಯನ್ನು ಕೂರಿಸಿ ‘ನಿಮಗೆ ಇದರಿಂದಲೇ ಬಂತು’ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ. ಚಿಕಿತ್ಸೆಯೂ ಅದರಿಂದ ಬದಲಾಗುವುದಿಲ್ಲ.

ಇನ್ನೊಬ್ಬರು (ಮುಳ್ಳೇರಿಯ):

ನನ್ನ ಮಗನಿಗೆ 20. ಬಲಗೈ ಮಾತ್ರ ಸಪೂರ ಆಗುತ್ತಾ ಬಂದಿದೆ. ಇದನ್ನು ಓದಿ ನಿದ್ದೆ ಬರಲಿಲ್ಲ.

ಡಾಕ್ಟರ್:

ನಿದ್ದೆ ಮಾಡಿ. ಆ ವಯಸ್ಸಿನ ಹುಡುಗರಲ್ಲಿ ಒಂದೇ ಕೈ ಸೊರಗುವ ಹಿರಯಾಮಾ ಎಂಬ ಬೇರೆಯೇ ಕಾಯಿಲೆ ನಮ್ಮ ದೇಶದಲ್ಲಿ ಕಾಣುತ್ತದೆ. ಕೆಲವು ವರ್ಷ ಮುಂದುವರಿದು ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಕುತ್ತಿಗೆ ಬಗ್ಗಿಸಿ ಎಂ.ಆರ್.ಐ. ತೆಗೆಯಬೇಕು, ಸುಮ್ಮನೆ ಮಲಗಿಸಿ ತೆಗೆದರೆ ತಪ್ಪಿಹೋಗಬಹುದು. ಈ ವಾರ ತೋರಿಸಿ.

ಮತ್ತೊಬ್ಬರು:

ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿದರೆ ಪೂರ್ತಿ ಗುಣ ಅಂತ ವಿಡಿಯೋ ಬಂದಿತ್ತು. ಎಂಟು ಲಕ್ಷ ಅಂತೆ. ಜಾಗ ಮಾರಿಯಾದರೂ ಮಾಡಿಸಿ.

ಡಾಕ್ಟರ್:

ಜಾಗ ಮಾರಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳ ಹೊರತು ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೀಳುವ ಹಾಗಿಲ್ಲ. ದುಡ್ಡು ಕೇಳಿದರು ಎಂದಾದರೆ ಅದು ವ್ಯಾಪಾರ. ಎರಡನೇ ಅಭಿಪ್ರಾಯ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು:

ಊಟದಲ್ಲಿ ಈಗೀಗ ಕೆಮ್ಮು ಬರುತ್ತಿದೆ, ಗಂಜಿ ಉಣ್ಣುವಾಗಲೇ ಜಾಸ್ತಿ. ಮೆತ್ತಗಿನ ಊಟ ಎಂದು ನಾವು ಎರಡು ಹೊತ್ತೂ ಗಂಜಿಯೇ ಕೊಡುತ್ತಿದ್ದೆವು. ರಾತ್ರಿ ಮೂರು ದಿಂಬು ಇಟ್ಟು ಮಲಗುತ್ತಾರೆ. ಬೆಳಿಗ್ಗೆ ತಲೆನೋವು. ಆಕ್ಸಿಜನ್ ಬೆರಳಿಗೆ ಹಾಕಿ ನೋಡಿದರೆ 95 ಇದೆ.

ಡಾಕ್ಟರ್:

ಮೂರು ದಿಂಬು, ಬೆಳಗಿನ ತಲೆನೋವು. ಇದನ್ನು ಮೊದಲೇ ಬರೆಯಬೇಕಿತ್ತು ನೀವು! ವಪೆ, ಅಂದರೆ ಉಸಿರು ಎಳೆಯುವ ಮುಖ್ಯ ಸ್ನಾಯು, ಸೋಲುತ್ತಿರಬಹುದು. ರಾತ್ರಿ ಉಸಿರು ಆಳವಿಲ್ಲದೆ ಕಾರ್ಬನ್ ಡೈ ಆಕ್ಸೈಡ್ ಒಳಗೇ ಉಳಿದು ತಲೆ ನೋಯುತ್ತದೆ. ಬೆರಳಿನ ಮೆಷಿನ್ ಅದನ್ನು ತೋರಿಸುವುದಿಲ್ಲ, ಆದ್ದರಿಂದ 95 ನೋಡಿ ಸಮಾಧಾನ ಬೇಡ. ಯಾರೋ ಹೇಳಿದರು ಎಂದು ಆಕ್ಸಿಜನ್ ಸಿಲಿಂಡರ್ ತಂದು ಹಚ್ಚುವುದೂ ಬೇಡ. ಇಲ್ಲಿ ಬೇಕಾದದ್ದು ಗಾಳಿ ಒಳಗೆ ತಳ್ಳುವ ಮಾಸ್ಕಿನ ಯಂತ್ರ, ಬೈಪ್ಯಾಪ್. ಬರೀ ಆಕ್ಸಿಜನ್ ಕೊಟ್ಟರೆ ಕಾರ್ಬನ್ ಡೈ ಆಕ್ಸೈಡ್ ಇನ್ನೂ ಏರಬಹುದು.

ಮನೆಯಲ್ಲೇ ಒಂದು ಕೆಲಸ ಮಾಡಿ. ಕೂರಿಸಿ, ಪೂರ್ತಿ ಉಸಿರು ಎಳೆಸಿ, ಸೆಕೆಂಡಿಗೆ ಎರಡರಂತೆ ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಎಣಿಸಲು ಹೇಳಿ. ಆರೋಗ್ಯವಂತರು 50ರ ಹತ್ತಿರ ಹೋಗುತ್ತಾರೆ. 20ರ ಕೆಳಗೆ ಬಂದರೆ ಅದೇ ದಿನ ಆಸ್ಪತ್ರೆ. 30 ಸೆಕೆಂಡಿನ ರೈಡಿನಲ್ಲಿ ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎಂದವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಇದು ಅಂದಾಜಿಗೆ ಮಾತ್ರ. ಮೂರು ತಿಂಗಳಿಗೊಮ್ಮೆ ಉಸಿರಿನ ಶಕ್ತಿ ಅಳೆಯುವ ಸ್ಪೈರೋಮೆಟ್ರಿ ಆಗಲೇಬೇಕು.

ಗಂಜಿ ನಿಲ್ಲಿಸಿ. ತಿಳಿ ಬೇಗ ಜಾರುತ್ತದೆ, ಅಗುಳು ಹಿಂದೆ ಉಳಿಯುತ್ತದೆ, ಒಂದೇ ತುತ್ತಿನಲ್ಲಿ ನೀರೂ ಕಾಳೂ ಇರುವುದು ಈ ಗಂಟಲಿಗೆ ಎಲ್ಲಕ್ಕಿಂತ ಕಷ್ಟ. ಅದನ್ನೇ ಮಿಕ್ಸಿಯಲ್ಲಿ ದಪ್ಪಗೆ ತಿರುಗಿಸಿ ತುಪ್ಪ ಹಾಕಿ ಕೊಡಿ. ರಾಗಿ ಮಣ್ಣಿ, ಕಿವುಚಿದ ಬಾಳೆಹಣ್ಣು, ಗಟ್ಟಿ ಮೊಸರು ಆಗುತ್ತದೆ. ಗದ್ದ ಎದೆಗೆ ತಾಗುವಂತೆ ಬಗ್ಗಿಸಿ ನುಂಗಲಿ, ಉಂಡ ಮೇಲೆ ಅರ್ಧ ಗಂಟೆ ಕೂತಿರಲಿ. ತೂಕ ಇಳಿಯಬಾರದು, ಷುಗರ್ ಇಲ್ಲದಿದ್ದರೆ ತುಪ್ಪ, ಬೆಲ್ಲಕ್ಕೆ ಕೈ ಬಿಗಿ ಮಾಡಬೇಡಿ. ಹೊಟ್ಟೆಯ ಟ್ಯೂಬ್ ಬೇಕೆಂದು ಅವರು ಹೇಳಿದರೆ ಉಸಿರಿನ ಶಕ್ತಿ ಅರ್ಧಕ್ಕಿಳಿಯುವ ಮೊದಲೇ ಇಡಿಸಬೇಕು, ಆಮೇಲೆ ಅದೇ ಅಪಾಯದ ಕೆಲಸವಾಗುತ್ತದೆ.

ಪಾಲಿಯೇಟಿವ್ (ನೋವು, ಕಷ್ಟ ತಗ್ಗಿಸುವ ಆರೈಕೆಯ) ನರ್ಸ್ ಒಬ್ಬರು:

ಡಾಕ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪಾಲಿಯೇಟಿವ್ ಎಂದರೆ ಸಾಯುವವರಿಗೆ ಅಂತ ತಿಳಿದು ನಮ್ಮನ್ನು ಕೊನೇ ವಾರದಲ್ಲಿ ಕರೆಯುತ್ತಾರೆ. ಈಗಲೇ ಪಂಚಾಯತಿನಲ್ಲಿ ಹೆಸರು ಬರೆಸಿ. ಕೇರಳದಲ್ಲಿ 2008ರಿಂದಲೇ ಇದಕ್ಕೆ ಸರಕಾರಿ ನೀತಿ ಉಂಟು, ನರ್ಸ್ ಮನೆಗೇ ಬರುತ್ತಾರೆ. ಗಾಳಿಹಾಸಿಗೆ, ಗಾಲಿಕುರ್ಚಿ ಕೇಳಿ ನೋಡಿ. ಆರೈಕೆ ಮಾಡುವವರಿಗೆ ಸಿಗುವ ಸರಕಾರಿ ಸಹಾಯಧನ ಆಶ್ವಾಸಕಿರಣಂನ ಅರ್ಜಿ, ಅಂಗವೈಕಲ್ಯದ ಯು.ಡಿ.ಐ.ಡಿ. ಕಾರ್ಡ್, ಎರಡಕ್ಕೂ ಅಪ್ಪ ಹೆಬ್ಬೆಟ್ಟು ಒತ್ತಲು ಆಗುವಾಗಲೇ ಓಡಾಡಿ. ನಿಮ್ಮ ವಾರ್ಡಿಗೆ ಬರುವವರಿಗೆ ಕನ್ನಡ ಸರಿಯಾಗಿ ಬಾರದಿರಬಹುದು. ಅಪ್ಪನಿಗಾಗಿ ‘ನೋವು’, ‘ಕಫ’, ‘ಹೊರಳಿಸು’, ‘ಸಾಕು’ ಇಂಥ ಇಪ್ಪತ್ತು ಮಾತು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಮಂಚದ ಹತ್ತಿರ ಅಂಟಿಸಿ. ಮಾತು ಹೋದ ಮೇಲೆ ಕಣ್ಣಲ್ಲಿ ತೋರಿಸಲಿಕ್ಕೂ ಅದೇ ಹಲಗೆ ಆಗುತ್ತದೆ. ಅಕ್ಷರ ಅಕ್ಷರ ತೋರಿಸಿ ಒತ್ತಕ್ಷರ ಜೋಡಿಸುವಷ್ಟರಲ್ಲಿ ಅವರೂ ಸುಸ್ತು, ನೀವೂ ಸುಸ್ತು. ಅವರ ಸ್ವರ ಈಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.

ಹಳೆಯ ಜೊತೆ ಆಟಗಾರ:

ಮಗಳೇ, ಹೆಸರು ಹಾಕದಿದ್ದರೂ ನನಗೆ ಗೊತ್ತಾಯಿತು. ಸಂಜೆ ಕೋಚಿಂಗಿಗೆ ಅವನನ್ನು ನಾನು ಜೀಪಲ್ಲಿ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸುತ್ತೇನೆ. ಓಡುವುದು ಬೇಡ, ಬೈಯಲಿಕ್ಕಾದರೂ ಬರಲಿ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ):

ಹೇಳಿದೆವು ಡಾಕ್ಟ್ರೇ. ಅಮ್ಮ ಅತ್ತಳು. ಅಪ್ಪ, ‘ನರದ ವೀಕ್‌ನೆಸ್ಸಿಗೆ ಯಾರಾದ್ರೂ ನಾಲ್ಕು ಸಲ ಮಂಗಳೂರಿಗೆ ಕರ್ಕೊಂಡು ಹೋಗ್ತಾರಾ?’ ಅಂದರು. ಆಮೇಲೆ ಅವರೇ ಕೇಳಿದ್ದು: ಮಾಸ್ಕ್ ಹಾಕಿದರೆ ಹಗಲಿಡೀ ಹಾಕಿಯೇ ಇರಬೇಕಾ, ಮೈದಾನಕ್ಕೆ ಹೋಗಬಹುದಾ? ಗಂಟಲಿಗೆ ತೂತು ಮಾಡಿ ವೆಂಟಿಲೇಟರ್ ಬೇಡ, ಅದನ್ನು ಬರೆದಿಡಿ ಅಂದರು. ಎಣಿಸಿದ್ದು 27. ಅವರಿಗೆ ಸಿಟ್ಟು ಬಂತು, ಇನ್ನೊಮ್ಮೆ ಎಣಿಸಿದರು, 26.

ಡಾಕ್ಟರ್:

27 ಕಡಿಮೆ. ಮುಂದಿನ ಅಪಾಯಿಂಟ್‌ಮೆಂಟ್ ಕಾಯಬೇಡಿ, ಈ ವಾರವೇ ಸ್ಪೈರೋಮೆಟ್ರಿ ಮಾಡಿಸಿ ಬೈಪ್ಯಾಪ್ ವಿಷಯ ಮಾತಾಡಿ. ಶುರುವಿನಲ್ಲಿ ರಾತ್ರಿ ಮಾತ್ರ ಹಾಕುವುದು. ಮೊದಲ ಒಂದೆರಡು ವಾರ ಕಿತ್ತೆಸೆಯುವಷ್ಟು ಕಿರಿಕಿರಿ ಆಗುತ್ತದೆ, ಹಗಲು ಟಿ.ವಿ. ನೋಡುವಾಗ ಅರ್ಧ ಗಂಟೆ ಹಾಕಿ ರೂಢಿ ಮಾಡಿಸಿ. ರಾತ್ರಿ ಉಸಿರಿಗೆ ವಿಶ್ರಾಂತಿ ಸಿಕ್ಕಿದರೆ ಸಂಜೆ ಮೈದಾನಕ್ಕೆ ಖಂಡಿತ ಹೋಗಬಹುದು. ವೆಂಟಿಲೇಟರ್ ಬೇಡ ಎಂದದ್ದನ್ನು ಅವರ ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ ಬರೆದು, ಇಬ್ಬರು ಸಾಕ್ಷಿ ಹಾಕಿಸಿ, ಒಂದು ಪ್ರತಿ ನಿಮ್ಮ ಡಾಕ್ಟರಿಗೆ ಕೊಡಿ. ಚಿಕ್ಕಪ್ಪಂದಿರೂ ಓದಲಿ. ಮನಸ್ಸು ಬದಲಾದರೆ ಬದಲಿಸಬಹುದು ಎಂದೂ ಅಪ್ಪನಿಗೆ ಹೇಳಿ.

ಮೆಷಿನ್ ಬಾಡಿಗೆಗೂ ಸಿಗುತ್ತದೆ, ಮೊದಲು ಬಾಡಿಗೆಗೇ ತನ್ನಿ. ಬ್ಯಾಟರಿ ಇರುವ ಮಾದರಿಯೇ ಬೇಕು ಎಂದು ಕೇಳಿ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳುವ ಹಾಗಿಲ್ಲವಲ್ಲ. ಇನ್ವರ್ಟರಿಗೆ ಮೆಷಿನ್ನಿನ ಲೈನ್ ಬೇರೆಯೇ ಎಳೆಸಿ, ಫ್ಯಾನ್, ಟಿ.ವಿ. ಅದಕ್ಕೆ ಕೊಡಬೇಡಿ. ಮನೆಯಲ್ಲಿ ಉಸಿರಾಟದ ಯಂತ್ರ ಇದೆ ಎಂದು ಡಾಕ್ಟರ ಪತ್ರ ಇಟ್ಟು ಕರೆಂಟಿನವರ (ಕೆ.ಎಸ್.ಇ.ಬಿ.) ಸೆಕ್ಷನ್ ಆಫೀಸಿಗೂ ಬರೆದು ಕೊಡಿ. ಸ್ಪೈರೋಮೆಟ್ರಿ ರಿಪೋರ್ಟ್ ಬಂದ ಮೇಲೆ ಹೆಸರು ಮುಚ್ಚಿ ನನಗೆ ಕಳಿಸಿ, ಗುಂಪಿಗೆ ಹಾಕಬೇಡಿ.