ಎಂಟನೇ ವಾರ, ಇಡೀ ದಿನ ವಾಕರಿಕೆ: ನೀವೆಲ್ಲ ಹೇಗೆ ದಾಟಿದಿರಿ?

ನಾನು ಬಸುರಿ, ಈಗ ಎಂಟನೇ ವಾರ. ಬೆಳಗ್ಗೆ ಮಾತ್ರ ಆಗುತ್ತದೆ ಅಂತ ಎಲ್ಲರೂ ಹೇಳಿದ್ದರು, ನನಗೆ ರಾತ್ರಿವರೆಗೂ ಹೊಟ್ಟೆ ತೊಳಸುತ್ತದೆ. ಒಗ್ಗರಣೆ ವಾಸನೆ ಬಂದರೆ ಸಾಕು, ಬಚ್ಚಲಿಗೆ ಓಡಬೇಕು. ಅಮ್ಮ ಇಬ್ಬರ ಊಟ ಮಾಡು ಅನ್ನುತ್ತಾರೆ, ಒಂದು ಇಡ್ಲಿ ಒಳಗೆ ಹೋಗುವುದಿಲ್ಲ. ಮಗುವಿಗೆ ತೊಂದರೆ ಆಗುತ್ತದಾ? ಡಾಕ್ಟರ್ ಮಾತ್ರೆ ಬರೆದಿದ್ದಾರೆ, ತಗೊಳ್ಳಲು ಭಯ. ಅನುಭವ ಇರುವವರು ದಯವಿಟ್ಟು ಹೇಳಿ.

ಪುತ್ತೂರಿನಿಂದ:

ಮೊದಲು ಊಟದ ಚಿಂತೆ ಬಿಡಿ. ಈ ವಾರ ಮಗು ಸುಮಾರು ಒಂದೂವರೆ ಸೆಂಟಿಮೀಟರ್ ಇರುತ್ತದೆ, ಅಷ್ಟಕ್ಕೆ ಬೇಕಾದ್ದು ನಿಮ್ಮ ಮೈಯಲ್ಲಿ ಈಗಾಗಲೇ ಇದೆ. ಸೊಪ್ಪು, ಹಾಲು, ಬಾದಾಮಿ ಎಲ್ಲ ಆಮೇಲೆ. ಈಗ ನೋಡಬೇಕಾದ್ದು ಎರಡೇ: ಹೊಟ್ಟೆ ಪೂರ್ತಿ ಖಾಲಿ ಬಿಡಬಾರದು, ಮೈಯಲ್ಲಿ ನೀರು ಕಡಿಮೆ ಆಗಬಾರದು. ಫೋಲಿಕ್ ಆಸಿಡ್ ಮಾತ್ರೆ ಮಾತ್ರ ಬಿಡಬೇಡಿ. ಬೆಳಗ್ಗೆ ನಿಲ್ಲದಿದ್ದರೆ ರಾತ್ರಿ ಮಲಗುವಾಗ ತಗೊಳ್ಳಿ.

ನಾನು ಹಾಸಿಗೆ ಪಕ್ಕ ಸ್ಟೀಲ್ ಡಬ್ಬಿಯಲ್ಲಿ ಮಂಡಕ್ಕಿ ಇಟ್ಟುಕೊಳ್ಳುತ್ತಿದ್ದೆ. ಬರೀ ಮಂಡಕ್ಕಿ, ಖಾರ ಎಣ್ಣೆ ಏನೂ ಇಲ್ಲ. ಎಚ್ಚರ ಆದ ತಕ್ಷಣ ಎದ್ದು ಹೋಗುತ್ತಿರಲಿಲ್ಲ, ದಿಂಬಿಗೆ ಒರಗಿಕೊಂಡು ನಾಲ್ಕು ನಾಲ್ಕೇ ಕಾಳು ಬಾಯಿಗೆ ಹಾಕಿಕೊಂಡು, ಅದು ನಾಲಿಗೆ ಮೇಲೆ ಮೆತ್ತಗಾದ ಮೇಲೆ ನುಂಗಿ, ಮತ್ತೆ ನಾಲ್ಕು, ಹೀಗೆ ಒಂದು ಹಿಡಿ ಮುಗಿಸಿ ಕಾಲು ಗಂಟೆ ಸುಮ್ನೆ ಕೂತು ಆಮೇಲೆ ಕಾಲು ಕೆಳಗಿಡುವುದು. ಮಧ್ಯರಾತ್ರಿ ಎಚ್ಚರ ಆದರೂ ಒಂದು ಚೂರು ತಿನ್ನಿ. ಮಂಡಕ್ಕಿ ಸೇರದಿದ್ದರೆ ರಸ್ಕ್, ಸುಟ್ಟ ಹಪ್ಪಳ, ಯಾವುದಾದರೂ ಒಣ ತಿಂಡಿ ಆಗುತ್ತದೆ.

ಊಟದ ಜೊತೆ ನೀರು ಕುಡಿಯಬೇಡಿ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ಬರೀ ನೀರು ನನಗೂ ನಿಲ್ಲುತ್ತಿರಲಿಲ್ಲ. ನಮ್ಮ ಕಡೆ ಪುನರ್ಪುಳಿ (ಕೋಕಂ) ಇದೆಯಲ್ವಾ, ಅದರ ಸಿಪ್ಪೆ ನೆನೆಸಿದ ನೀರಿಗೆ ಒಂದಿಷ್ಟು ಉಪ್ಪು, ಸಕ್ಕರೆ ಹಾಕಿ ತಣ್ಣಗೆ ಮಾಡಿ ಕುಡಿದರೆ ನಿಲ್ಲುತ್ತಿತ್ತು. ನಿಂಬೆ ಪಾನಕ, ಎಳನೀರು, ನೀರು ಮಜ್ಜಿಗೆ, ಓಆರ್‌ಎಸ್, ಯಾವುದು ಒಳಗೆ ಉಳಿಯುತ್ತದೋ ಅದೇ ಸರಿ.

ಬಿಸಿ ಊಟದ ಆವಿಗೇ ವಾಕರಿಕೆ ಜಾಸ್ತಿ. ಮೊಸರನ್ನ, ಮೊಸರವಲಕ್ಕಿ, ಆರಿದ ಗಂಜಿ ವಾಸನೆ ಹೊಡೆಯುವುದಿಲ್ಲ. ಮನೆಯವರಿಗೆ ಬಾಯಿ ಬಿಟ್ಟು ಹೇಳಿ: ಸ್ವಲ್ಪ ದಿನ ಬೆಳ್ಳುಳ್ಳಿ ಒಗ್ಗರಣೆ, ಮೀನು ಹುರಿಯುವುದು ಬೇಡ, ಅಡುಗೆ ಹೊತ್ತಿನಲ್ಲಿ ನಾನು ಟೆರೇಸ್ ಮೇಲೆ ಇರುತ್ತೇನೆ ಅಂತ. ನಮ್ಮಲ್ಲಿ ಹೆಣ್ಣುಮಕ್ಕಳು ಸೀರೆ ಸೆರಗು ಮೂಗಿಗೆ ಕಟ್ಟಿಕೊಂಡು ಅಡುಗೆ ಮಾಡಿ, ವಾಂತಿ ಮಾಡಿ, ಮತ್ತೆ ಬಂದು ಬಡಿಸುವುದನ್ನು ನೋಡಿದ್ದೇನೆ. ಅದು ಬೇಡ. ಗಂಡ ಒಲೆ ಮುಂದೆ ನಿಲ್ಲಲಿ.

ವಾಂತಿ ಆದ ಕೂಡಲೇ ಹಲ್ಲು ಉಜ್ಜಬೇಡಿ, ಆಸಿಡ್‌ಗೆ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ. ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

ಧಾರವಾಡದಿಂದ:

ಎಲ್ಲರೂ ಶುಂಠಿ ಶುಂಠಿ ಅನ್ನುತ್ತಾರೆ. ನನ್ನ ತಂಗಿಗೆ ಶುಂಠಿ ನೀರು ನಿಜಕ್ಕೂ ಆಯಿತು, ನನಗೆ ಎದೆ ಉರಿ ಬಂತು. ಬಿಟ್ಟುಬಿಟ್ಟೆ. ನಿಮಗೆ ಆಗದಿದ್ದರೆ ಬಲವಂತ ಬೇಡ. ಬಸ್ಸಿನಲ್ಲಿ ಹೋಗುವವರು ಕೈಯಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಳ್ಳಿ, ಉಗುರಿನಿಂದ ಸಿಪ್ಪೆ ಗೀರಿ ಮೂಸಿದರೆ ಡೀಸೆಲ್ ವಾಸನೆ ತಡೆಯಬಹುದು. ಇನ್ನೊಂದು, ಕಬ್ಬಿಣದ ಮಾತ್ರೆ ಶುರು ಮಾಡಿದ್ದರೆ ಡಾಕ್ಟರ್ ಹತ್ತಿರ ಮಾತಾಡಿ. ಅದರಿಂದಲೂ ವಾಕರಿಕೆ ಹೆಚ್ಚುತ್ತದೆ, ಮೊದಲ ಮೂರು ತಿಂಗಳು ಮುಂದೂಡಬಹುದಾ ಅಂತ ಕೇಳಿ.

ನ್ಯೂಜೆರ್ಸಿಯಿಂದ:

ಮಾತ್ರೆ ಬಗ್ಗೆ ನಾನು ಹೇಳುತ್ತೇನೆ, ನನಗೂ ಇದೇ ಭಯ ಇತ್ತು. ಸಾಮಾನ್ಯವಾಗಿ ಮೊದಲು ಬರೆಯುವುದು ಡಾಕ್ಸಿಲಮೈನ್ ಮತ್ತು ವಿಟಮಿನ್ ಬಿ6 ಸೇರಿರುವ ಮಾತ್ರೆ, ಇಂಡಿಯಾದಲ್ಲೂ ಅದೇ. ನಿಮ್ಮ ಚೀಟಿಯಲ್ಲಿ ಇದೇ ಹೆಸರು ಇದೆಯಾ ನೋಡಿ. ಅಮೆರಿಕದಲ್ಲಿ ಈ ಔಷಧಕ್ಕೆ ದೊಡ್ಡ ಕತೆಯೇ ಇದೆ. ಮಗುವಿಗೆ ಊನ ಆಗುತ್ತದೆ ಅಂತ ಕೋರ್ಟ್ ಕೇಸುಗಳು ಬಿದ್ದು 1983ರಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು. ಆಮೇಲೆ ಎಷ್ಟು ಪರೀಕ್ಷೆ ಮಾಡಿದರೂ ಅಂಥ ಅಪಾಯ ಕಾಣಲಿಲ್ಲ, 2013ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಒಪ್ಪಿಗೆ ಕೊಟ್ಟಿತು. ಹಿಂದೆ ಮಕ್ಕಳಿಗೆ ಊನ ಮಾಡಿದ ಥಾಲಿಡೊಮೈಡ್ ಬೇರೆಯೇ ಔಷಧ, ಅದನ್ನು 1961ರಲ್ಲೇ ಹಿಂತೆಗೆದುಕೊಂಡರು. ಡಾಕ್ಸಿಲಮೈನ್ ಮಾತ್ರೆಗೆ ನಿದ್ದೆ ಬರುತ್ತದೆ, ಅದಕ್ಕೇ ರಾತ್ರಿ ಕೊಡುತ್ತಾರೆ. ಡೋಸ್ ನಿಮ್ಮ ಡಾಕ್ಟರ್ ಹೇಳಿದಷ್ಟೇ, ಮೆಡಿಕಲ್ ಶಾಪ್‌ನವರು ಹೇಳಿದ್ದಲ್ಲ.

ಮನಸ್ಸು ಗಟ್ಟಿ ಇಲ್ಲ, ನಾಜೂಕು ಅಂತ ಯಾರಾದರೂ ಅಂದರೆ ಇದನ್ನು ಹೇಳಿ. ಮಗು ಮತ್ತು ಮಾಸಿನಿಂದ ಜಿಡಿಎಫ್15 ಎಂಬ ಹಾರ್ಮೋನು ತಾಯಿಯ ರಕ್ತಕ್ಕೆ ಬರುತ್ತದೆ, ಅದು ಮೆದುಳಿಗೆ ಹೋಗಿ ವಾಕರಿಕೆ ಎಬ್ಬಿಸುತ್ತದೆ. ಬಸುರಿಗೆ ಮೊದಲು ಯಾರ ಮೈಯಲ್ಲಿ ಇದು ಕಡಿಮೆ ಇತ್ತೋ ಅವರಿಗೆ ಏಟು ಜಾಸ್ತಿ. 2023ರ ಕೊನೆಯಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದಿದ್ದು ಇದು. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ.

ಮಂಡ್ಯ ಕಡೆಯಿಂದ, ನಾನು ನರ್ಸ್:

ಮೇಲೆ ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ಸಾಮಾನ್ಯವಾಗಿ ಒಂಬತ್ತನೇ ವಾರದ ಆಸುಪಾಸು ತುಂಬಾ ಜಾಸ್ತಿ ಇದ್ದು, ಹೆಚ್ಚಿನವರಿಗೆ 12ರಿಂದ 16 ವಾರದೊಳಗೆ ಇಳಿಯುತ್ತದೆ. ಆದರೆ ಎಲ್ಲರಿಗೂ ಆಗೋದೇ ಅಂತ ಮನೆಯಲ್ಲೇ ಮಲಗಿಸಿಕೊಂಡು, ಕಣ್ಣು ಗುಳಿ ಬಿದ್ದ ಮೇಲೆ ಕರೆದುಕೊಂಡು ಬರುವವರನ್ನು ನೋಡಿದಾಗ ನನಗೆ ತುಂಬಾ ಸಂಕಟ ಆಗುತ್ತದೆ. ದಿನವಿಡೀ ಗುಟುಕು ನೀರೂ ನಿಲ್ಲದಿದ್ದರೆ, ಮೂತ್ರ ಕಡು ಹಳದಿ ಆಗಿದ್ದರೆ ಅಥವಾ ಎಂಟು ಗಂಟೆ ಬರದೇ ಇದ್ದರೆ, ನಿಂತರೆ ತಲೆ ಸುತ್ತಿದರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರ ಅಥವಾ ಹೊಟ್ಟೆ ನೋವು ಇದ್ದರೆ ಆಸ್ಪತ್ರೆಗೇ ಬರಬೇಕು. ತೂಕವನ್ನೂ ನೋಡಿ, 50 ಕೆಜಿ ಇದ್ದವರು 47.5ಕ್ಕೆ ಇಳಿದರೆ ಅದು ಮಾಮೂಲಿ ವಾಂತಿ ಅಲ್ಲ. ತಾಯಿ ಕಾರ್ಡ್ ಜೊತೆಗಿರಲಿ. ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ವಾರಗಟ್ಟಲೆ ವಾಂತಿ ಆಗಿ ಡ್ರಿಪ್ ಹಾಕುವ ಪರಿಸ್ಥಿತಿ ಬಂದರೆ, ಗ್ಲೂಕೋಸ್‌ಗೆ ಮೊದಲು ವಿಟಮಿನ್ ಬಿ1 ಕೊಡುತ್ತೀರಾ ಅಂತ ಜೊತೆಗಿರುವವರು ಕೇಳಲೇಬೇಕು. ಅದು ತೀರಾ ಕಡಿಮೆ ಇರುವಾಗ ಬರೀ ಗ್ಲೂಕೋಸ್ ಹೋದರೆ ಮೆದುಳಿಗೆ ಪೆಟ್ಟಾಗಬಹುದು. ಕೇಳಲು ಸಂಕೋಚ ಬೇಡ.

ಈಗ ನೀವು ಹೇಳಿ, ಇವತ್ತು ಬೆಳಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದ್ದೀರಿ, ಬಣ್ಣ ಹೇಗಿತ್ತು? ಒಂದೇ ಸಲ, ಅದೂ ಗಾಢ ಬಣ್ಣ ಅಂತಾದರೆ ನಾಳೆವರೆಗೆ ಕಾಯಬೇಡಿ, ಇವತ್ತೇ ಹೋಗಿ ತೋರಿಸಿ.